‘ಯಾವ ಫಾರಂ ತುಂಬಲಿ, ಮೇಡಂ?’

ಟ್ರಾನ್ಸ್‌ಜೆಂಡರ್ ಹದಿಹರೆಯದವರಿಗೆ ಆಪ್ತಸಮಾಲೋಚಕಿಯಾಗಿದ್ದ ನಾನು ಆಮೇಲೆ ಒಂದು ಸಂಶೋಧನಾ ತಂಡ ಸೇರಿದೆ. ಚಿಕಿತ್ಸೆಗೆ ಮುಂಚೆ ಒಮ್ಮೆ, ಆಮೇಲೆ ಆಗಾಗ ಪ್ರಶ್ನಾವಳಿ ಕೊಡುವುದು, ಅಂಕ ಕೂಡುವುದು, ಇಷ್ಟೇ ಕೆಲಸ ಅಂದುಕೊಂಡಿದ್ದೆ.

ದೇಹವನ್ನು ಗಂಡಿನಂತೆ ಬದಲಿಸುವ ಹಾರ್ಮೋನ್ ಶುರುವಾಗಿ ವರ್ಷವಾಗಿದ್ದ ಒಬ್ಬ ಹುಡುಗ ಪೆನ್ ಹಿಡಿದು ಸುಮ್ನೆ ಕೂತುಬಿಟ್ಟ. ಹುಟ್ಟಿದಾಗ ಅವನನ್ನು ಹೆಣ್ಣು ಅಂತ ಬರೆಸಿದ್ದರು. ‘ಹೋದ ಸಲ ಹುಡುಗಿಯರ ಫಾರಂ ಕೊಟ್ಟಿದ್ರಿ. ಈಗ ಯಾವುದು ತುಂಬಲಿ, ಮೇಡಂ?’ ಅಂದ. ನನಗೆ ಉತ್ತರ ಗೊತ್ತಿರಲಿಲ್ಲ.

ನಾವು ಬಳಸುತ್ತಿದ್ದದ್ದು ಉಟ್ರೆಕ್ಟ್ ಜೆಂಡರ್ ಡಿಸ್ಫೋರಿಯಾ ಮಾಪಕ. ಹುಟ್ಟಿನಲ್ಲಿ ಬರೆಸಿದ ಲಿಂಗ ಒಂದು, ಒಳಗಿನ ಅರಿವು ಇನ್ನೊಂದು ಆದಾಗ ಆಗುವ ಸಂಕಟವನ್ನು 12 ಪ್ರಶ್ನೆಗಳಲ್ಲಿ ಅಳೆಯುತ್ತದೆ. ಗಂಡಿಗೊಂದು, ಹೆಣ್ಣಿಗೊಂದು ಫಾರಂ. ಹೆಣ್ಣಿನ ಫಾರಂನಲ್ಲಿ ಮುಟ್ಟಿನ ಬಗ್ಗೆ ಕೇಳುತ್ತಾರೆ. ಮುಟ್ಟು ನಿಂತ ಹುಡುಗ ಅದಕ್ಕೆ ಏನು ಬರೆಯಬೇಕು? ಗಂಡಿನ ಫಾರಂ ಕೊಟ್ಟೆವು ಅಂದುಕೊಳ್ಳಿ. ಅದರಲ್ಲಿರುವುದು ಗಂಡಾಗಿರಲು ಇಷ್ಟವಿಲ್ಲದವರ ಪ್ರಶ್ನೆಗಳು. ಅವನ ಸಂಕಟ ಕಡಿಮೆಯಾಗಿರಲಿ, ಬಿಡಲಿ, ಅಂಕ ತಾನಾಗಿ ಇಳಿಯುತ್ತದೆ. ಈ ಕ್ಷೇತ್ರಕ್ಕೆ ದಾರಿ ತೋರಿಸಿದ ಡಚ್ ಅಧ್ಯಯನದ 2014ರ ವರದಿಯಲ್ಲೂ ಚಿಕಿತ್ಸೆಯ ನಂತರ ಫಾರಂ ಬದಲಾಗಿತ್ತು. ಎಲ್ಲರಿಗೂ ಹೊಂದುವ 18 ಪ್ರಶ್ನೆಗಳ ಒಂದೇ ಫಾರಂ ಬಂದದ್ದು 2020ರಲ್ಲಿ. ನಾವು ಅದಕ್ಕೆ ಬದಲಾಯಿಸಿಕೊಂಡೆವು. ಹಳೆಯ ಅಂಕಗಳನ್ನು ಹೊಸದರ ಜೊತೆ ಸೇರಿಸಲಿಲ್ಲ.

ಇನ್ನೊಂದು ತೊಂದರೆ ಫಾರಂನದ್ದಲ್ಲ, ನನ್ನದೇ. ಚಿಕಿತ್ಸೆ ಕೊಡಬೇಕೋ ಬೇಡವೋ ಅಂತ ಅಭಿಪ್ರಾಯ ಬರೆಯುವವಳೂ ನಾನೇ, ಸಂಶೋಧನೆಯ ಪ್ರಶ್ನೆ ಕೇಳುವವಳೂ ನಾನೇ ಆಗಿದ್ದೆ. ಮಕ್ಕಳು ಜಾಣರು. ‘ನನಗೆ ಯಾವತ್ತೂ ಅನುಮಾನ ಬಂದಿಲ್ಲ’ ಅನ್ನುತ್ತಿದ್ದರು, ಎಲ್ಲರೂ ಹೆಚ್ಚುಕಡಿಮೆ ಅದೇ ಮಾತುಗಳಲ್ಲಿ. ಅನುಮಾನ ಅಂದರೆ ಬಾಗಿಲು ಮುಚ್ಚುತ್ತದೆ ಅನ್ನುವ ಭಯ ಅದು. ಹದಿನೈದು ವಯಸ್ಸಿನಲ್ಲಿ ಯಾವುದರ ಬಗ್ಗೆಯೂ ಅನುಮಾನ ಇಲ್ಲದವರು ಇರುತ್ತಾರಾ? ಆಮೇಲೆ ನಾನು ಅಭಿಪ್ರಾಯ ಬರೆಯುವುದನ್ನು ಬಿಟ್ಟೆ. ಆ ಕೆಲಸ ಬೇರೆಯವರಿಗೆ ಹೋಯಿತು. ಪ್ರತಿ ಭೇಟಿಯ ಶುರುವಿನಲ್ಲಿ, ‘ನೀನು ಇಲ್ಲಿ ಹೇಳೋದು ನಿನ್ನ ಡಾಕ್ಟರ್ ಹತ್ರ ಹೋಗಲ್ಲ. ನಿನ್ನ ಜೀವಕ್ಕೆ ಅಪಾಯ ಅನ್ನಿಸಿದರೆ ಮಾತ್ರ ನಾನು ಸುಮ್ನಿರಲ್ಲ’ ಅಂತ ಹೇಳತೊಡಗಿದೆ. ನಂಬಲು ಅವರಿಗೆ ಎರಡು ಮೂರು ಭೇಟಿ ಬೇಕಾಯಿತು. ಆಮೇಲೆ ಮಾತು ಬಂತು. ಒಬ್ಬಳು, ‘ಹೆಣ್ಣಾಗಿ ಬದುಕೋದು ಖಂಡಿತ. ಆಪರೇಷನ್ ಬಗ್ಗೆ ಮಾತ್ರ ಭಯ’ ಅಂದಳು. ಅದು ಯಾವ ಅಂಕದಲ್ಲೂ ಬರುತ್ತಿರಲಿಲ್ಲ.

ಅಪ್ಪ ಅಮ್ಮಂದಿರು ಕೇಳುವುದು ಒಂದೇ: ‘ಇದು ಸೇಫಾ, ಮೇಡಂ?’ ಮೊದಮೊದಲು ಧೈರ್ಯ ತುಂಬಲು ಹೋಗುತ್ತಿದ್ದೆ. ಈಗ ತಿಳಿದದ್ದನ್ನೇ ಹೇಳುತ್ತೇನೆ. ಹದಿಹರೆಯದಲ್ಲಿ ದೇಹದಲ್ಲಾಗುವ ಬದಲಾವಣೆಗಳನ್ನು ತಡೆದು ನಿಲ್ಲಿಸುವ ಔಷಧಿ ತೆಗೆದುಕೊಳ್ಳುವಾಗ ಮೂಳೆ ಗಟ್ಟಿಯಾಗುವುದು ನಿಧಾನವಾಗುತ್ತದೆ, ಅದಕ್ಕೇ ಮೂಳೆಯ ಸ್ಕ್ಯಾನ್ ಮಾಡುತ್ತಾರೆ. 2023ರ ಅಮೆರಿಕದ ಒಂದು ಅಧ್ಯಯನ ಹಾರ್ಮೋನ್ ತೆಗೆದುಕೊಂಡ 315 ಮಂದಿಯನ್ನು ಎರಡು ವರ್ಷ ಗಮನಿಸಿತು. ಸರಾಸರಿಯಲ್ಲಿ ಖಿನ್ನತೆ, ಆತಂಕ ಕಡಿಮೆಯಾದವು. ಆದರೆ ಆ ಬದಲಾವಣೆ ಕಂಡದ್ದು ಹುಟ್ಟಿನಲ್ಲಿ ಹೆಣ್ಣೆಂದು ಬರೆಸಿದವರಲ್ಲಿ. ಹೋಲಿಸಿ ನೋಡಲು ಚಿಕಿತ್ಸೆ ಇಲ್ಲದ ಗುಂಪು ಇರಲಿಲ್ಲ. 2024ರಲ್ಲಿ, ಇಂಥ ಮಕ್ಕಳ ಚಿಕಿತ್ಸೆಯನ್ನು ಪರಿಶೀಲಿಸಿದ ಬ್ರಿಟನ್ನಿನ ಕ್ಯಾಸ್ ವರದಿಗಾಗಿ ಯಾರ್ಕ್ ವಿಶ್ವವಿದ್ಯಾಲಯದವರು ಹದಿಹರೆಯದ ಬದಲಾವಣೆ ತಡೆಯುವ ಔಷಧಿಯ 50 ಅಧ್ಯಯನಗಳನ್ನು ತೂಗಿ ನೋಡಿದರು. ಒಂದನ್ನು ಮಾತ್ರ ಉತ್ತಮ ಗುಣಮಟ್ಟದ್ದು ಅಂದರು. ಇದನ್ನು ಕೇಳಿ ಒಬ್ಬ ಅಪ್ಪ, ‘ಅಂದ್ರೆ ಔಷಧಿ ಕೆಟ್ಟದ್ದು ಅಂತಾಯ್ತಲ್ಲ’ ಅಂದರು. ಇಲ್ಲ. ಸಾಕಷ್ಟು ಗಟ್ಟಿ ಪುರಾವೆ ಇಲ್ಲ ಅನ್ನುವುದೂ, ಹಾನಿ ಸಾಬೀತಾಗಿದೆ ಅನ್ನುವುದೂ ಬೇರೆ ಬೇರೆ. ಇದನ್ನು ನಿಧಾನವಾಗಿ ಎರಡು ಸಲ ಹೇಳುತ್ತೇನೆ. ಜೊತೆಗೆ, ಮಗು ಆರಿಸಿಕೊಂಡ ಹೆಸರಿನಿಂದ ಮನೆಯಲ್ಲಿ ಕರೆಯಿರಿ ಅನ್ನುತ್ತೇನೆ. ಅದಕ್ಕೆ ಯಾವ ಔಷಧಿಯೂ ಬೇಡ, ಅಲ್ವಾ?

ಹೆಚ್ಚು ಹೊತ್ತು ತಿಂದದ್ದು, ಭೇಟಿಗೆ ಬರುವುದನ್ನು ನಿಲ್ಲಿಸಿದವರ ಹುಡುಕಾಟ. ಆ ಡಚ್ ಅಧ್ಯಯನದಲ್ಲೂ ಶುರುವಿನಲ್ಲಿ 70 ಮಂದಿ ಇದ್ದರು, ಕೊನೆಯ ವರದಿಯಲ್ಲಿ 55. ಬಾರದವರು ಚೆನ್ನಾಗಿದ್ದಾರೋ ಇಲ್ಲವೋ ಉಳಿದವರ ಅಂಕದಿಂದ ತಿಳಿಯುವುದಿಲ್ಲ. ಮುಂದೆಯೂ ಸಂಪರ್ಕಿಸಬಹುದು ಅಂತ ಮೊದಲೇ ಒಪ್ಪಿ ಸಹಿ ಹಾಕಿದವರಿಗಷ್ಟೇ ಫೋನ್ ಮಾಡಿದೆ. ಬೇಡ ಅಂದವರನ್ನು ಮತ್ತೆ ಕೇಳಲಿಲ್ಲ. ಒಬ್ಬರು ಹಾರ್ಮೋನ್ ನಿಲ್ಲಿಸಿದ್ದರು. ‘ನಿಲ್ಲಿಸಿದೆ ಅಂದ್ರೆ ಬೈತೀರಿ ಅಂದ್ಕೊಂಡಿದ್ದೆ’ ಅಂದರು. ಇಲ್ಲ, ಏಕೆ ನಿಲ್ಲಿಸಿದಿರಿ ಅಂತ ತಿಳಿಯಬೇಕಿತ್ತು ಅಂದೆ. ನಲವತ್ತು ನಿಮಿಷ ಮಾತಾಡಿದರು. ಮುಂದಿನ ವಾರ ಫಾರಂ ಕಳಿಸಿ ಅಂತ ಅವರೇ ಕೇಳಿದರು.