ಇಬ್ಬನಿಗೆ ಮುಂಚೆ ಒಣ ಬ್ರಷ್: ನನ್ನ ಅನುಭವ

ಪಾವಗಡ ಸೋಲಾರ್ ಪಾರ್ಕ್‌ನಲ್ಲಿ 20 ಮೆಗಾವ್ಯಾಟ್‌ನಷ್ಟು ಪ್ಯಾನೆಲ್ ಕ್ಲೀನ್ ಮಾಡುವ ಗುತ್ತಿಗೆ ನನ್ನದು. ನೀರಿಲ್ಲದೆ ಒರೆಸುತ್ತೇನೆ ಅಂದಾಗ ಸೈಟ್ ಎಂಜಿನಿಯರ್, "ಗಾಜಿಗೆಲ್ಲ ಗೀರು ಬೀಳುತ್ತೆ ಕಣ್ರೀ" ಅಂತ ನಕ್ಕಿದ್ದರು. ನನ್ನ ಹುಡುಗರೂ ನಕ್ಕರು. ಒಂದೂವರೆ ವರ್ಷ ಆಯ್ತು, ಟಾರ್ಚ್ ಓರೆಯಾಗಿ ಹಿಡಿದು ನೋಡಿದರೂ ಗೀರು ಕಾಣಲ್ಲ.

ಇಡೀ ಪಾರ್ಕ್ 13,000 ಎಕರೆ, 2,050 ಮೆಗಾವ್ಯಾಟ್. ಇಲ್ಲಿ ಬಿಸಿಲಿಗೆ ಬರವಿಲ್ಲ, ನೀರಿಗೆ ಬರ. ಪ್ಯಾನೆಲ್‌ಗೆ 2 ಲೀಟರ್ ಹಿಡಿದರೂ ಮೆಗಾವ್ಯಾಟ್‌ಗೆ ಒಂದು ಟ್ಯಾಂಕರ್ ಬೇಕು. ಒಂದು ಸುತ್ತಿಗೆ 20 ಟ್ಯಾಂಕರ್, ಒಂದೊಂದಕ್ಕೆ 700 ರೂಪಾಯಿ ಆಸುಪಾಸು, ತಿಂಗಳಿಗೆ ಎರಡು ಸುತ್ತು. ಅದೂ ಗಡಸು ಬೋರ್‌ವೆಲ್ ನೀರು, ಒಣಗಿದರೆ ಗಾಜಿನ ಮೇಲೆ ಬಿಳಿ ಕಲೆ. ಒಮ್ಮೆ ಹುಡುಗನೊಬ್ಬ ಮಟಮಟ ಮಧ್ಯಾಹ್ನ ಕಾದ ಗಾಜಿಗೆ ತಣ್ಣೀರು ಹೊಡೆದ. ಎರಡು ಪ್ಯಾನೆಲ್ ಬಿರುಕು ಬಿಟ್ಟವು. ದುಡ್ಡು ನನ್ನ ಬಿಲ್ಲಿನಲ್ಲೇ ಕಡಿದರು.

ಒಣ ಬ್ರಷ್ ಕೂಡ ಮೊದಲು ಕೈಕೊಟ್ಟಿತು. ಬೆಳಗ್ಗೆ 5ಕ್ಕೆ ಶುರು ಮಾಡಿದ್ದೆ. ಇಬ್ಬನಿಗೆ ಧೂಳು ಕೆಸರಾಗಿ ಕೆಳ ಅಂಚಿನಲ್ಲಿ ಮೆತ್ತಿಕೊಂಡಿತು. ಕೆಳಸಾಲಿನ ಸೆಲ್‌ಗಳ (ಪ್ಯಾನೆಲ್ ಒಳಗೆ ಕರೆಂಟ್ ಹುಟ್ಟಿಸುವ ಚೌಕಗಳು) ಮೇಲೆ ನೆರಳು. ಒರೆಸದ ಸ್ಟ್ರಿಂಗ್‌ಗಿಂತ (ಒಂದಕ್ಕೊಂದು ಸರಪಳಿಯಂತೆ ಜೋಡಿಸಿದ ಪ್ಯಾನೆಲ್ ಸಾಲು) ಒರೆಸಿದ್ದರಲ್ಲೇ ಕರೆಂಟ್ ಕಡಿಮೆ! ಮುಖ ತೋರಿಸೋಕೆ ಆಗಲಿಲ್ಲ.

ಆಮೇಲೆ ಹೊತ್ತು ಬದಲಿಸಿದೆ. ಸೂರ್ಯ ಮುಳುಗಿದ ಮೇಲೆ, ಇಬ್ಬನಿ ಬೀಳುವ ಮೊದಲು. ಧೂಳು ಪುಡಿಪುಡಿಯಾಗಿರುತ್ತೆ, ಗಾಜು ತಣ್ಣಗಿರುತ್ತೆ, ಉತ್ಪಾದನೆಯೂ ನಿಂತಿರುತ್ತೆ. ಮೈಕ್ರೋಫೈಬರ್ ಬ್ರಷ್, ಮೇಲಿಂದ ಕೆಳಗೆ, ಒಂದೇ ದಿಕ್ಕು, ಒತ್ತಬಾರದು. ಹಿಡಿಯುವ ಕೋನ ಮಾತ್ರ ನನ್ನ ಹತ್ತಿರವೇ ಇರಲಿ.

ಪಕ್ಕಪಕ್ಕದ ಎರಡು ಸ್ಟ್ರಿಂಗ್‌ಗೆ ನಡು ಮಧ್ಯಾಹ್ನ ಕ್ಲ್ಯಾಂಪ್ ಮೀಟರ್ (ತಂತಿಗೆ ಸಿಕ್ಕಿಸಿ ಕರೆಂಟ್ ಅಳೆಯುವ ಮೀಟರ್) ಹಾಕಿಸಿದೆ. ಒರೆಸಿದ್ದು 8.4 ಆಂಪಿಯರ್, ಒರೆಸದ್ದು 7.8 ಇರಬೇಕು. ಎಂಜಿನಿಯರ್ ಮೀಟರ್ ಕೆಟ್ಟಿದೆ ಅಂತ ಬೇರೆ ತರಿಸಿದರು. ಅದೂ ಅಷ್ಟೇ ತೋರಿಸಿತು. 5% ಅಂತಲೇ ಇಟ್ಟುಕೊಳ್ಳಿ, ಮೆಗಾವ್ಯಾಟ್‌ಗೆ ದಿನಕ್ಕೆ 200 ಯೂನಿಟ್ ಜಾಸ್ತಿ. ಯೂನಿಟ್‌ಗೆ 3 ರೂಪಾಯಿ ಹಿಡಿದರೂ 20 ಮೆಗಾವ್ಯಾಟ್‌ಗೆ ದಿನಕ್ಕೆ 12,000. ಅದು ಕಂಪನಿಗೆ ಬಿಡಿ. ನನಗೆ ಉಳಿದದ್ದು ಟ್ಯಾಂಕರ್ ದುಡ್ಡು; ಈಗ ಎರಡು ತಿಂಗಳಿಗೆ ಒಂದೇ ನೀರಿನ ಸುತ್ತು.

ಹಕ್ಕಿ ಹಿಕ್ಕೆಗೆ ಮಾತ್ರ ಬ್ರಷ್ ಸಾಲದು. ಒಂದು ಸೆಲ್ ಪೂರ್ತಿ ಮುಚ್ಚಿದರೂ ಪ್ಯಾನೆಲ್‌ನ ಉತ್ಪಾದನೆಯಲ್ಲಿ ಮೂರನೇ ಒಂದು ಭಾಗ ಹೋಯಿತು, ಆ ಸೆಲ್ ವಿಪರೀತ ಕಾಯುವ ಹಾಟ್ ಸ್ಪಾಟ್ ಬೇರೆ. ಸುಮ್ನೆ ಇರಲಾರದೆ ಹುಳಿ ಮಜ್ಜಿಗೆ ಹಚ್ಚಿ ನೋಡಿದೆ. ಇರುವೆ ಬಂದವು! ಈಗ ಒದ್ದೆ ಬಟ್ಟೆ ಹತ್ತು ನಿಮಿಷ ಇಟ್ಟು ತೆಗೆಯುತ್ತೇವೆ. ಆ ನೀರಿಗೆ ಇನ್ನೊಂದು ಬೆರೆಸುತ್ತೇನೆ, ಅದಿರಲಿ.

ಸದ್ಯದ ತಲೆನೋವು ಬ್ರಷ್‌ನದು. ಮೂರು ತಿಂಗಳಿಗೇ ಸವೆಯುತ್ತೆ.