ಎಐ ಏಜೆಂಟ್‌ಗಾಗಿ ಟೂಲ್ ವಿವರಣೆ ಬರೆದ ನನ್ನ ಅನುಭವ

ಬಿಲ್ಲಿಂಗ್ ಸಾಫ್ಟ್‌ವೇರ್ ನೋಡಿಕೊಳ್ಳುವ ತಂಡದಲ್ಲಿ ನನ್ನ ಕೆಲಸ. ಗ್ರಾಹಕರನ್ನು ಹುಡುಕುವುದು, ಬಿಲ್ ತೆಗೆಯುವುದು, ಬಾಕಿ ನೋಡುವುದು, ಹಣ ವಾಪಸ್ ಮಾಡುವುದು, ಇವಕ್ಕೆಲ್ಲ ನಮ್ಮಲ್ಲಿ ಮೊದಲಿಂದಲೂ ಎಪಿಐ, ಅಂದರೆ ಬೇರೆ ಪ್ರೋಗ್ರಾಂಗಳು ನಮ್ಮ ಸಾಫ್ಟ್‌ವೇರ್‌ನಿಂದ ಕೆಲಸ ಮಾಡಿಸಿಕೊಳ್ಳುವ ದಾರಿ, ಇತ್ತು. 2024ರ ನವೆಂಬರ್‌ನಲ್ಲಿ ಆಂತ್ರೊಪಿಕ್ ಕಂಪನಿ ಎಂಸಿಪಿ, ಅಂದರೆ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್, ಹೊರತಂದಿತು. ಎಐ ಮಾಡೆಲ್‌ಗಳನ್ನು ಹೊರಗಿನ ಸಾಫ್ಟ್‌ವೇರ್‌ಗೆ ಜೋಡಿಸುವ ಪದ್ಧತಿ ಅದು. ಅದಾದ ಮೇಲೆ ಇದೇ ಎಪಿಐಗಳನ್ನು ಟೂಲ್ ಮಾಡಿ ಏಜೆಂಟ್ ಕೈಗೆ, ಅಂದರೆ ಮಾಡೆಲ್‌ನ ಬಲದಿಂದ ತಾನೇ ಟೂಲ್ ಕರೆದು ಕೆಲಸ ಮಾಡುವ ಎಐ ಕೈಗೆ, ಕೊಡುವ ಕೆಲಸ ನನ್ನ ಪಾಲಿಗೆ ಬಂತು. ಸರ್ವರ್ ಬೇಗ ಎದ್ದು ನಿಂತಿತು. ಜಾಸ್ತಿ ಹೊತ್ತು ತಿಂದದ್ದು ವಿವರಣೆ ಬರೆಯುವ ಕೆಲಸ.

ಒಂದು ಟೂಲ್ ಬಗ್ಗೆ ಮಾಡೆಲ್‌ಗೆ ಸಿಗುವ ಮಾಹಿತಿ ಹೆಚ್ಚೇನಿಲ್ಲ. ಅದರ ಹೆಸರು, ವಿವರಣೆ, ಏನೇನು ಕೊಡಬೇಕು ಅಂತ ತಿಳಿಸುವ ಜೆಸನ್ ಸ್ಕೀಮಾ, ಅಷ್ಟೇ. ಒಳಗಿನ ಕೋಡ್ ಅದಕ್ಕೆ ಕಾಣುವುದಿಲ್ಲ. ಆಫೀಸಿನಲ್ಲಿ ಬಾಯಿಂದ ಬಾಯಿಗೆ ಬಂದ ವಿಷಯವಂತೂ ಗೊತ್ತೇ ಇರುವುದಿಲ್ಲ. ಹೊಸದಾಗಿ ಸೇರಿದ ಹುಡುಗ ಅನುಮಾನ ಬಂದರೆ ಪಕ್ಕದ ಸೀಟಿನವರನ್ನು ಕೇಳುತ್ತಾನೆ. ಏಜೆಂಟ್ ಎಷ್ಟೋ ಸಲ ಕೇಳುವುದೇ ಇಲ್ಲ, ಊಹೆ ಮಾಡಿ ಮುಂದೆ ಹೋಗುತ್ತದೆ. ಹಾಗಾಗಿ 'ಇದು ಎಲ್ಲರಿಗೂ ಗೊತ್ತಲ್ಲ' ಅಂತ ನಾವು ಎಲ್ಲೂ ಬರೆಯದೆ ಬಿಟ್ಟಿದ್ದನ್ನೇ ಮೊದಲು ಬರೆಯಬೇಕಾಯಿತು.

ದುಡ್ಡಿನ ವಿಷಯವನ್ನೇ ತೆಗೆದುಕೊಳ್ಳಿ. ಪೇಮೆಂಟ್ ವ್ಯವಸ್ಥೆಗಳಲ್ಲಿ ಮೊತ್ತವನ್ನು ಪೈಸೆಯಲ್ಲಿ ಇಡುವುದು ಸಾಮಾನ್ಯ. ನಮ್ಮಲ್ಲೂ ಹಾಗೇ, ಆದರೆ ಫೀಲ್ಡ್‌ನ ಹೆಸರು ಬರೀ 'ಅಮೌಂಟ್'. ಟೆಸ್ಟ್ ಸರ್ವರ್‌ನಲ್ಲಿ '1500 ರೂಪಾಯಿ ವಾಪಸ್ ಮಾಡು' ಅಂದರೆ ಏಜೆಂಟ್ 1500 ಅಂತಲೇ ಕಳಿಸುತ್ತಿತ್ತು. ಹೋಗುತ್ತಿದ್ದದ್ದು ಹದಿನೈದೇ ರೂಪಾಯಿ. ನಾನು ಫೀಲ್ಡ್‌ನ ಹೆಸರನ್ನೇ 'ಅಮೌಂಟ್ ಇನ್ ಪೈಸೆ' ಎಂದು ಬದಲಿಸಿದೆ. '1500 ರೂಪಾಯಿಗೆ 150000' ಅಂತ ಪಕ್ಕದಲ್ಲೇ ಒಂದು ಉದಾಹರಣೆ ಇಟ್ಟೆ. ವಿವರಣೆಯಲ್ಲಿ ಎಲ್ಲೋ ಮೂಲೆಯಲ್ಲಿ ಬರೆಯುವುದಕ್ಕಿಂತ ಹೆಸರಿನಲ್ಲೇ ಹೇಳಿಬಿಡುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ತಾರೀಖಿನದ್ದು ಇನ್ನೊಂದು ತಲೆನೋವು. 03/04/2025 ಅಂದರೆ ನಮಗೆ ಏಪ್ರಿಲ್ 3, ಅಮೆರಿಕದವರಿಗೆ ಮಾರ್ಚ್ 4. 2025-04-03 ಎಂಬ ರೂಪ ಬಿಟ್ಟು ಬೇರೆ ಯಾವುದನ್ನೂ ಸ್ಕೀಮಾ ಒಪ್ಪದಂತೆ ಮಾಡಿದೆ. ಆದರೆ ಅಕೌಂಟ್ಸ್‌ನವರು 'ಈ ವರ್ಷದ ಬಿಲ್' ಅಂದಾಗ ಏಜೆಂಟ್ ಜನವರಿ 1ರಿಂದ ಲೆಕ್ಕ ಹಾಕುತ್ತಿತ್ತು. ನಮ್ಮಲ್ಲಿ ಹಣಕಾಸು ವರ್ಷ ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ ಅಲ್ವಾ? ಅದನ್ನೂ ಬರೆಯಬೇಕಾಯಿತು. ಇವತ್ತು ಯಾವ ತಾರೀಖು ಎನ್ನುವುದು ಕೂಡ ಮಾಡೆಲ್‌ಗೆ ತಾನಾಗಿ ಗೊತ್ತಿರುವುದಿಲ್ಲ, ಅದನ್ನು ನಾವೇ ಕೊಡಬೇಕು.

'ಸ್ಟೇಟಸ್' ಫೀಲ್ಡ್‌ಗೆ ಏನು ಬೇಕಾದರೂ ತುಂಬಬಹುದಿತ್ತು. ಏಜೆಂಟ್ ಒಮ್ಮೆ 'ಅನ್‌ಪೇಯ್ಡ್', ಒಮ್ಮೆ 'ಪೆಂಡಿಂಗ್', ಇನ್ನೊಮ್ಮೆ 'ಡ್ಯೂ' ಅಂತ ಕಳಿಸುತ್ತಿತ್ತು. ಡೇಟಾಬೇಸ್‌ನಲ್ಲಿ ಇದ್ದದ್ದು 'ಓಪನ್'. ನಡೆಯುವ ಪದಗಳನ್ನು ಈನಮ್ ಆಗಿ, ಅಂದರೆ ಇವಿಷ್ಟೇ ನಡೆಯುತ್ತವೆ ಅಂತ ಸ್ಕೀಮಾದಲ್ಲೇ ಪಟ್ಟಿ ಮಾಡಿ ಕೊಟ್ಟ ಮೇಲೆ ಆ ಕಾಟ ನಿಂತಿತು.

ಈ ಟೂಲನ್ನು ಯಾವಾಗ ಬಳಸಬಾರದು ಎಂಬ ಸಾಲು ನಾನು ಅಂದುಕೊಂಡದ್ದಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂತು. 'ಇಲ್ಲಿ ಬೇಕಿರುವುದು ನಮ್ಮ ಕಸ್ಟಮರ್ ಐಡಿ, ಜಿಎಸ್‌ಟಿ ನಂಬರ್ ಅಲ್ಲ. ಐಡಿ ಗೊತ್ತಿಲ್ಲದಿದ್ದರೆ ಮೊದಲು ಗ್ರಾಹಕರನ್ನು ಹುಡುಕುವ ಟೂಲ್ ಬಳಸಿ.' ಇಂಥ ಎರಡು ವಾಕ್ಯ ಬರೆದರೆ ಸಾಕು, ಅರ್ಧ ಗೊಂದಲ ಹೋಗುತ್ತದೆ. ಹಾಗಂತ ಪುಟಗಟ್ಟಲೆ ಬರೆಯುವಂತಿಲ್ಲ. ಟೂಲ್‌ಗಳ ವಿವರಣೆ ಸಾಮಾನ್ಯವಾಗಿ ಪ್ರತಿ ಸಂಭಾಷಣೆಯಲ್ಲೂ ಮಾಡೆಲ್‌ನ ಕಾಂಟೆಕ್ಸ್ಟ್‌ನಲ್ಲಿ, ಅಂದರೆ ಅದು ಒಮ್ಮೆಗೆ ಓದಬಲ್ಲ ಮಿತಿಯೊಳಗೆ, ಜಾಗ ಹಿಡಿಯುತ್ತದೆ. ಒಂದೇ ಥರದ ಬಿಲ್ ಟೂಲ್‌ಗಳು ನಾಲ್ಕಾರು ಇದ್ದವು, ಅವನ್ನು ಸೇರಿಸಿ ಒಂದು ಮಾಡಿದೆ. ಇರುವ ಎಪಿಐಯನ್ನೆಲ್ಲ ಸುಮ್ನೆ ಯಾವುದೋ ಸ್ಕ್ರಿಪ್ಟ್‌ನಿಂದ ಟೂಲ್ ಆಗಿ ಬದಲಿಸಿಬಿಡುವುದು ನನಗಂತೂ ಇಷ್ಟವಿಲ್ಲ.

ನನ್ನ ಕೇಳಿದರೆ, ವಿವರಣೆಗಿಂತ ಮುಖ್ಯವಾದದ್ದು ಎರರ್ ಮೆಸೇಜ್. ಏಜೆಂಟ್ ಅದನ್ನು ಓದುವುದು ಎಡವಿದ ಕೂಡಲೇ. ಎಂಸಿಪಿಯಲ್ಲಿ ಟೂಲ್ ಸೋತರೆ ಆ ಎರರನ್ನು ಉತ್ತರದ ಜೊತೆಗೇ ಮಾಡೆಲ್‌ಗೆ ತೋರಿಸಬಹುದು. ನಮ್ಮ ಹಳೆಯ ಎಪಿಐ '400 ಬ್ಯಾಡ್ ರಿಕ್ವೆಸ್ಟ್', ಅಂದರೆ ಕೇಳಿದ್ದು ಸರಿಯಿಲ್ಲ, ಅಂತಷ್ಟೇ ಹೇಳಿ ಕೈತೊಳೆದುಕೊಳ್ಳುತ್ತಿತ್ತು. ಏಜೆಂಟ್ ಅದೇ ತಪ್ಪನ್ನು ಮತ್ತೆ ಕಳಿಸುತ್ತಿತ್ತು. ಈಗ 'ನೀವು ಕೊಟ್ಟ ತಾರೀಖು 03/04/2025. ಅದು 2025-04-03 ರೀತಿ ಇರಬೇಕು' ಅಂತ ಬರುತ್ತದೆ. ಹೆಚ್ಚಿನ ಸಲ ಎರಡನೇ ಪ್ರಯತ್ನದಲ್ಲೇ ಸರಿಯಾಗುತ್ತದೆ.

ಎರರ್ ಇಲ್ಲದ ಖಾಲಿ ಉತ್ತರ ಇನ್ನೂ ಅಪಾಯ. ಗ್ರಾಹಕರೇ ಸಿಗಲಿಲ್ಲ ಎನ್ನುವುದು ಬೇರೆ, ಗ್ರಾಹಕರಿದ್ದಾರೆ ಆದರೆ ಬಾಕಿ ಇಲ್ಲ ಎನ್ನುವುದು ಬೇರೆ. ಎರಡಕ್ಕೂ ಖಾಲಿ ಪಟ್ಟಿ ಕಳಿಸಿದರೆ ಏಜೆಂಟ್ 'ಇವರದ್ದು ಏನೂ ಬಾಕಿ ಇಲ್ಲ' ಅಂತ ಧೈರ್ಯವಾಗಿ ಹೇಳಿಬಿಡುತ್ತದೆ. ಎರಡನ್ನೂ ಬೇರೆ ಬೇರೆ ವಾಕ್ಯದಲ್ಲಿ ಹೇಳುವಂತೆ ಮಾಡಿದೆ. ಪಟ್ಟಿ ಉದ್ದ ಇದ್ದರೆ 'ಒಟ್ಟು ಇಷ್ಟರಲ್ಲಿ ಮೊದಲ 50 ಮಾತ್ರ ಕೊಟ್ಟಿದ್ದೇನೆ' ಅಂತ ಕೊನೆಯಲ್ಲಿ ಸೇರಿಸಿದೆ. ಇಲ್ಲದಿದ್ದರೆ ಆ ಐವತ್ತನ್ನೇ ಕೂಡಿ ಅದೇ ಒಟ್ಟು ಮೊತ್ತ ಅಂದುಬಿಡುತ್ತದೆ.

ಹಣ ವಾಪಸ್ ಮಾಡುವ ಟೂಲ್ ವಿಷಯದಲ್ಲಿ ಮಾತ್ರ ನಾನು ವಿವರಣೆಯನ್ನು ನಂಬಲಿಲ್ಲ. ಬರೀ ಓದುವ ಟೂಲ್ ಯಾವುದು, ಅಳಿಸಿಹಾಕುವಂಥದ್ದು ಯಾವುದು ಅಂತ ಗುರುತು ಹಾಕಲು ಎಂಸಿಪಿಯಲ್ಲಿ ಅವಕಾಶವಿದೆ. ಆದರೆ ಅವು ಸುಳಿವು ಮಾತ್ರ. 'ಮೊದಲು ಬಳಕೆದಾರರನ್ನು ಕೇಳಿ' ಅಂತ ಬರೆಯುವುದರಿಂದ ಬಾಗಿಲಿಗೆ ಬೀಗ ಬೀಳುವುದಿಲ್ಲ. ಹಾಗಾಗಿ ಎರಡು ಹೆಜ್ಜೆ ಮಾಡಿದೆವು. ಮೊದಲ ಟೂಲ್ ಎಷ್ಟು ಹಣ, ಯಾರಿಗೆ ಎಂದು ತೋರಿಸುತ್ತದೆ. ಮನುಷ್ಯರೊಬ್ಬರು ಸ್ಕ್ರೀನ್ ಮೇಲೆ ಒಪ್ಪಿದ ಮೇಲಷ್ಟೇ ಎರಡನೆಯದು ನಡೆಯುತ್ತದೆ.

ಪರೀಕ್ಷೆಗೆ ಅಕೌಂಟ್ಸ್‌ನವರು ನಿಜವಾಗಿ ಕೇಳುವ ಪ್ರಶ್ನೆಗಳನ್ನೇ ಇಟ್ಟುಕೊಂಡೆ. 'ಈ ಪಾರ್ಟಿದು ಮಾರ್ಚ್‌ವರೆಗೆ ಎಷ್ಟು ಬಾಕಿ ಇದೆ ನೋಡಿ', ಇಂಥವು. ಕೊನೆಯ ಉತ್ತರ ಒಂದನ್ನೇ ನೋಡಿದರೆ ಏನೂ ತಿಳಿಯುವುದಿಲ್ಲ. ಯಾವ ಟೂಲ್ ಕರೆಯಿತು, ಏನು ಕೊಟ್ಟು ಕರೆಯಿತು ಎಂಬ ಲಾಗ್ ಓದಬೇಕು.

ಆ ಲಾಗ್‌ನಲ್ಲೇ ಹೆಸರುಗಳ ತೊಂದರೆ ಕಂಡದ್ದು. ಶ್ರೀನಿವಾಸ್ ಎಂಬ ಹೆಸರನ್ನು ಇಂಗ್ಲಿಷ್‌ನಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಏಜೆಂಟ್ ಒಂದು ಸ್ಪೆಲಿಂಗ್ ಹುಡುಕಿ, ಸಿಗದಿದ್ದರೆ ಅಂಥವರು ಯಾರೂ ಇಲ್ಲ ಅನ್ನುತ್ತಿತ್ತು. 'ಬೇರೆ ಸ್ಪೆಲಿಂಗ್‌ಗಳನ್ನೂ ಹುಡುಕಿ' ಅಂತ ವಿವರಣೆಗೆ ಸೇರಿಸಿದೆ. ಕೆಲವು ಸಲ ಕೇಳಿತು, ಕೆಲವು ಸಲ ಇಲ್ಲ. ಕೊನೆಗೆ ಹುಡುಕುವ ಕೋಡನ್ನೇ ತಿದ್ದಿದೆವು. ಈಗ ಹತ್ತಿರದ ಹೆಸರುಗಳೆಲ್ಲ ಊರು, ಜಿಎಸ್‌ಟಿ ನಂಬರ್ ಸಮೇತ ಬರುತ್ತವೆ. ವಿವರಣೆಯಿಂದ ಆ ಸಾಲನ್ನು ತೆಗೆದುಹಾಕಿದೆ.