ಎಂಪಿ3 ಪ್ಲೇಯರ್‌ನಲ್ಲಿ ಹಾಡುಗಳ ಸಾಲು ತಪ್ಪುತ್ತಿದೆಯೇ?

ಲಿನಕ್ಸ್‌ನಿಂದ ಹಾಡು ಕಾಪಿ ಮಾಡಿದ ಮೇಲೆ ಪ್ಲೇಯರ್ 7, 2, 11 ಅಂತ ಮನಸ್ಸಿಗೆ ಬಂದ ಹಾಗೆ ಹಾಡಿದರೆ, ಅದರ ಮೇಲೆ ಒಮ್ಮೆ ‘ಫ್ಯಾಟ್‌ಸಾರ್ಟ್’ (fatsort) ಅನ್ನುವ ಲಿನಕ್ಸ್ ಕಮ್ಯಾಂಡ್ ಓಡಿಸಿ. ಸಾಲು ಸರಿಹೋಗುತ್ತದೆ. ಪರದೆಯೇ ಇಲ್ಲದ ಪುಟ್ಟ ಪ್ಲೇಯರ್‌ಗಳು, ಕಾರ್ ಸ್ಟೀರಿಯೋಗಳು ಎಷ್ಟೋ ಸಲ ಫೈಲಿನ ಹೆಸರು ನೋಡುವುದೇ ಇಲ್ಲ. ಫ್ಯಾಟ್ (FAT, ಪ್ಲೇಯರಿನಲ್ಲಿ ಫೈಲುಗಳನ್ನು ಇಡುವ ವ್ಯವಸ್ಥೆ) ಪಟ್ಟಿಯಲ್ಲಿ ಯಾವುದು ಮೊದಲು ಬರೆಯಲ್ಪಟ್ಟಿತೋ ಅದನ್ನೇ ಮೊದಲು ಹಾಡುತ್ತವೆ. ಫ್ಯಾಟ್‌ಸಾರ್ಟ್ ಹಾಡನ್ನು ಮುಟ್ಟುವುದಿಲ್ಲ, ಆ ಪಟ್ಟಿಯನ್ನಷ್ಟೇ ಜೋಡಿಸುತ್ತದೆ. ಹಾಗಾಗಿ ನೂರಾರು ಹಾಡಿದ್ದರೂ ಜಾಸ್ತಿ ಹೊತ್ತು ಹಿಡಿಯುವುದಿಲ್ಲ. ಓಡಿಸುವ ಮೊದಲು ಪ್ಲೇಯರನ್ನು ಅನ್‌ಮೌಂಟ್ ಮಾಡಿರಬೇಕು, ಅಂದರೆ ತಂತಿ ಕೀಳದೆ ಲಿನಕ್ಸ್ ಅದರ ಫೈಲುಗಳನ್ನು ಬಳಸುವುದನ್ನು ನಿಲ್ಲಿಸಿರಬೇಕು. ಎಜೆಕ್ಟ್ ಅಲ್ಲ, ಅನ್‌ಮೌಂಟ್: ಎಜೆಕ್ಟ್ ಒತ್ತಿದರೆ ಕೆಲವೊಮ್ಮೆ ಡಿವೈಸೇ ಮಾಯವಾಗುತ್ತದೆ. ಡಿಸ್ಕಿನ ಹೆಸರನ್ನೂ ಎರಡು ಸಲ ನೋಡಿಕೊಳ್ಳಿ, ಸುಡೊ (ಪೂರ್ತಿ ಅಧಿಕಾರ) ಹಾಕಿ ಓಡಿಸುವ ಕಮ್ಯಾಂಡ್ ಅಲ್ವಾ! ಹೆಸರು 1, 2, 10 ಅಂತಿದ್ದರೆ 2ಕ್ಕಿಂತ ಮೊದಲು 10 ಬಂದು ಕೂರುತ್ತದೆ. ಆಗ ಕಮ್ಯಾಂಡಿಗೆ ‘ಮೈನಸ್ ಎನ್’ (-n) ಸೇರಿಸಿ, ಇಲ್ಲವೇ 01, 02 ಅಂತ ಹೆಸರಿಡಿ. ಫೋನಿನ ಹಾಗೆ, ಡಿಸ್ಕಾಗಿ ಕಾಣದೆ ಎಂಟಿಪಿಯಲ್ಲಿ (MTP) ಸೇರುವ ಪ್ಲೇಯರ್‌ಗೆ ಇದು ನಡೆಯುವುದಿಲ್ಲ. ಟ್ಯಾಗ್ (ಹಾಡಿನ ಫೈಲಿನೊಳಗೇ ಬರೆದಿರುವ ವಿವರ) ಓದಿ ತಾನೇ ಪಟ್ಟಿ ಮಾಡಿಕೊಳ್ಳುವ ಪ್ಲೇಯರ್ ಆದರೆ ಸುಮ್ನೆ ಇದನ್ನು ಓಡಿಸಬೇಡಿ, ಟ್ಯಾಗಿನಲ್ಲಿರುವ ಟ್ರ್ಯಾಕ್ ನಂಬರ್ ಸರಿಮಾಡಿ. ಹೊಸ ಹಾಡು ಸೇರಿಸಿದಾಗಲೆಲ್ಲ ಮತ್ತೆ ಓಡಿಸಬೇಕು.